ಇಳುಕಲಿನಲ್ಲಿ ಹ್ಯಾಂಡಲ್ ಯಾರ ಕೈಯಲ್ಲಿ?

ಶನಿವಾರ ರಾತ್ರಿ ಬೆಂಗಳೂರು ಬಿಟ್ಟ ಕಾರುಗಳು ಹಾಸನ, ಆಲೂರು ದಾಟಿ ಬೆಳಕು ಹರಿಯುವ ಹೊತ್ತಿಗೆ ಸಕಲೇಶಪುರದ ಹೇಮಾವತಿ ಸೇತುವೆಗೆ ಬರುತ್ತವೆ. ಅವುಗಳಲ್ಲಿ ಕೆಲವಕ್ಕೆ ಬೆನ್ನ ಮೇಲೆ ಎರಡು ಮೂರು ಸೈಕಲ್ ಕಟ್ಟಿರುತ್ತಾರೆ. ದಪ್ಪ ಟೈರು, ಹಿಂದೆ ಮುಂದೆ ಶಾಕ್, ಎಮ್ಮೆಯ ಕೋಡಿನ ಹಾಗೆ ಅಗಲಕ್ಕೆ ಚಾಚಿದ ಹ್ಯಾಂಡಲ್. ಹೋಟೆಲಿನ ಮುಂದೆ ಕಾರು ನಿಂತರೆ ಸಾಕು, ತಿಂಡಿಗೆ ಬಂದ ತೋಟದ ರೈಟರೋ ಜೀಪಿನ ಡ್ರೈವರೋ ಸೈಕಲ್ಲಿಗೊಂದು ಸುತ್ತು ಹಾಕಿ ಕೇಳುವ ಪ್ರಶ್ನೆ ಒಂದೇ: "ಎಷ್ಟು ಬಿತ್ತು ಸಾರ್ ಇದಕ್ಕೆ?"

ಲಕ್ಷದ ಲೆಕ್ಕದ ಉತ್ತರ ಕೇಳಿ ಎಲ್ಲರೂ ಹುಬ್ಬೇರಿಸುತ್ತಾರೆ. ಆದರೆ ಅರ್ಧ ಗಂಟೆಯ ನಂತರ ಗುಡ್ಡದ ನೆತ್ತಿಯಿಂದ ಅದೇ ಸೈಕಲ್ ಕೆಳಕ್ಕೆ ಬಿಟ್ಟಾಗ ಸವಾರನ ಕ್ಷೇಮ ಲಕ್ಷ ರೂಪಾಯಿಯ ಸಾಮಾನನ್ನು ನಂಬಿಕೊಂಡಿರುವುದಿಲ್ಲ. ಒಂದು ಪೈಪು, ಅದನ್ನು ಕಚ್ಚಿ ಹಿಡಿದ ನಾಲ್ಕು ಪುಟ್ಟ ಬೋಲ್ಟು, ಪೈಪಿನ ಎರಡು ತುದಿಗೆ ಎರಡು ಬಿರಡೆ. ಇಷ್ಟು ಸರಿಯಿದ್ದರೆ ಸವಾರಿ. ಇದರಲ್ಲಿ ಒಂದು ಕೈಕೊಟ್ಟರೂ ಆಸ್ಪತ್ರೆ.

ಏರು ಕಾಲಿಗೆ, ಇಳುಕಲು ಕೈಗೆ

ಏರಿನಲ್ಲಿ ಸೈಕಲ್ ಕಾಲಿನ ಕೆಲಸ, ಇಳುಕಲಿನಲ್ಲಿ ಅದು ಕೈಯ ಕೆಲಸ. ಡೌನ್‌ಹಿಲ್ ಸವಾರ ಸೀಟಿನ ಮೇಲೆ ಕೂರುವುದೇ ಕಡಿಮೆ. ಪೆಡಲ್ ಮೇಲೆ ನಿಂತು, ಮಂಡಿ ಮೊಣಕೈ ಮಡಿಸಿ, ಎರಡು ಬೆರಳನ್ನು ಬ್ರೇಕ್ ಲಿವರಿನ ಮೇಲಿಟ್ಟುಕೊಂಡೇ ಇಳಿಯುತ್ತಾನೆ. ಬ್ರೇಕ್ ಒತ್ತಿದ ಕ್ಷಣ ಮುಂದಕ್ಕೆ ನುಗ್ಗುವ ಮೈಭಾರ ಅಂಗೈಗಳ ಮೂಲಕ ಹ್ಯಾಂಡಲಿಗೆ ಇಳಿಯುತ್ತದೆ. ಗಂಟೆಗೆ 40 ಕಿ.ಮೀ. ಎಂದರೆ ಹಳ್ಳಿ ರಸ್ತೆಯ ಮೋಟಾರ್ ಬೈಕಿಗೆ ಮಾಮೂಲಿ ವೇಗ. ಆ ವೇಗದಲ್ಲಿ ಮರಕ್ಕೆ ಗುದ್ದುವುದೂ ಸುಮಾರು 20 ಅಡಿ ಎತ್ತರದಿಂದ, ಅಂದರೆ ಎರಡಂತಸ್ತಿನ ಮನೆಯ ತಾರಸಿಯಿಂದ, ನೆಲಕ್ಕೆ ಬೀಳುವುದೂ ಲೆಕ್ಕದಲ್ಲಿ ಒಂದೇ ಪೆಟ್ಟು.

ಆಲ್ಪ್ಸ್ ಪರ್ವತದ ಬೈಕ್ ಪಾರ್ಕುಗಳಲ್ಲಿ ಕೇಬಲ್ ಕಾರು ಸೈಕಲ್ಲುಗಳನ್ನು ಮೇಲಕ್ಕೆ ಹೊತ್ತೊಯ್ಯುತ್ತದೆ. ಸಕಲೇಶಪುರದಲ್ಲಿ ಆ ಕೆಲಸ ಜೀಪಿನದು, ಇಲ್ಲವೇ ಸ್ವಂತ ಕಾಲಿನದು. ಇಳಿಯುವ ದಾರಿಯೂ ಆಟಕ್ಕೆಂದು ಕಡಿದದ್ದಲ್ಲ. ವನಗೂರು ಕಡೆಯಿಂದ ಬಿಸಿಲೆ ಘಾಟಿ ಹಿಡಿದು ಸುಬ್ರಹ್ಮಣ್ಯದತ್ತ ಇಳಿಯುವ ರಸ್ತೆಯಲ್ಲಿ ಒಂದು ತಿರುವಿಗೆ ಬಿಸಿಲು, ಮುಂದಿನ ತಿರುವಿಗೆ ಪಾಚಿ. ತೋಟದ ದಾರಿಗಳಲ್ಲಿ ಜಂಬಿಟ್ಟಿಗೆ ಕಲ್ಲು, ಜಾರುವ ಕೆಮ್ಮಣ್ಣು, ಒಣಗಿದ ತರಗೆಲೆ, ಅದರಡಿ ಸಿಲ್ವರ್ ಓಕಿನ ಬೇರು. ಆಲೂರು ಕಡೆ ಅರೆಮಲೆನಾಡು. ಗುಡ್ಡ ತಗ್ಗು, ಇಳುಕಲು ಮೆದು ಎಂದು ಕಾಣುತ್ತದೆ. ಆ ಧೈರ್ಯದಲ್ಲಿ ವೇಗ ಏರಿಸಿದವರಿಗೆ ದನಗಳು ತುಳಿದ ಕೊರಕಲು ಎದುರಾಗುತ್ತದೆ. ಇಂಥ ನೆಲದಲ್ಲಿ ಮುಂದಿನ ಚಕ್ರ ಎತ್ತ ತಿರುಗಬೇಕೆಂದು ಹೇಳುವುದು ಹ್ಯಾಂಡಲ್ ಮಾತ್ರ.

ಗ್ರೀಸು ಹೊಗೆಯಾದ ಇಳುಕಲು

ಈ ಆಟ ಹುಟ್ಟಿದ್ದೇ ಸೈಕಲ್ಲಿನ ಸಾಮಾನು ಸೋತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮೌಂಟ್ ಟ್ಯಾಮಲ್ಪಾಯಸ್ ಸೀಮೆಯ ಒಂದು ಕಚ್ಚಾರಸ್ತೆಯಲ್ಲಿ 1976ರ ಅಕ್ಟೋಬರ್ 21ರಂದು ಕೆಲವು ಗೆಳೆಯರು ಇಳಿಜಾರು ಪಂದ್ಯ ಕಟ್ಟಿದರು. ಮೂರು ಚಿಲ್ಲರೆ ಕಿ.ಮೀ. ದಾರಿಗೆ ಸುಮಾರು 1,300 ಅಡಿ ಇಳಿತ. ಅವರ ಹತ್ತಿರ ಇದ್ದದ್ದು 1930–40ರ ದಶಕದ, ದಪ್ಪ ಟೈರಿನ ಹಳೆಯ ಶ್ವಿನ್ ಸೈಕಲ್ಲುಗಳು. ಪೆಡಲ್ಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಒಂದು ಇಳಿತಕ್ಕೇ ಎಷ್ಟು ಕಾಯುತ್ತಿತ್ತೆಂದರೆ ಹಬ್ಬಿನೊಳಗಿನ ಗ್ರೀಸು ಉರಿದು ಹೊಗೆಯಾಗುತ್ತಿತ್ತು. ಪ್ರತಿ ಸಲವೂ ಹೊಸ ಗ್ರೀಸು ತುಂಬಬೇಕು, ಅಂದರೆ 'ರಿಪ್ಯಾಕ್' ಮಾಡಬೇಕು. ದಾರಿಗೂ ಪಂದ್ಯಕ್ಕೂ ಅದೇ ಹೆಸರು ನಿಂತಿತು. ಮೊದಲ ಪಂದ್ಯ ಗೆದ್ದ ಅಲನ್ ಬಾಂಡ್ಸ್, ಅಂದು ಬೀಳದೆ ಕೆಳಗೆ ತಲುಪಿದ ಒಬ್ಬನೇ ಸವಾರ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ.

ಆ ಹುಡುಗರು ಮೋಟಾರ್ ಬೈಕಿನ ಲಿವರು, ಅಗಲ ಹ್ಯಾಂಡಲ್ಲು ತಂದು ಜೋಡಿಸಿಕೊಂಡರು. ಮುಂದೆ ಟಾಮ್ ರಿಚಿ ಎಂಬ ಸೈಕಲ್ ತಯಾರಕ ಹ್ಯಾಂಡಲನ್ನೂ ಅದನ್ನು ಹಿಡಿಯುವ ಸ್ಟೆಮ್ಮನ್ನೂ ತ್ರಿಕೋನವಾಗಿ ಬೆಸೆದು ಒಂದೇ ತುಂಡು ಮಾಡಿದ. ಗುಂಡಿ ಹಾರಿದಾಗ ಹ್ಯಾಂಡಲ್ ತಿರುಗಿ ಜಾರುವ ಕಾಟವೇ ಬೇಡ ಎಂಬುದು ಲೆಕ್ಕ.

ಎದುರು ದಿಕ್ಕಿನ ಪ್ರಯೋಗವೂ ನಡೆಯಿತು. 1990ರಲ್ಲಿ ಅಮೆರಿಕದ ಡ್ಯುರಾಂಗೊದಲ್ಲಿ ಮೊದಲ ಅಧಿಕೃತ ವಿಶ್ವ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ನಡೆದ ವರ್ಷ ಜಾನ್ ಟೊಮ್ಯಾಕ್ ರಸ್ತೆ ಪಂದ್ಯದ ಬಾಗಿದ ಹ್ಯಾಂಡಲನ್ನೇ ಗುಡ್ಡದ ಸೈಕಲ್ಲಿಗೂ ಹಾಕಿಕೊಂಡು ಇಳಿದರು. ಅದೇ ವರ್ಷ ವೃತ್ತಿಪರ ರಸ್ತೆ ತಂಡದಲ್ಲೂ ಓಡುತ್ತಿದ್ದ ಅವರಿಗೆ ಎರಡೂ ಸೈಕಲ್ಲಿನ ಮೇಲೆ ಮೈ ಒಂದೇ ಭಂಗಿಯಲ್ಲಿರಬೇಕಿತ್ತು. ಆ ಚಿತ್ರ ಇಂದಿಗೂ ಸೈಕಲ್ ಪ್ರಿಯರ ಗೋಡೆಯ ಮೇಲಿದೆ. ಗೋಡೆಯ ಮೇಲಿನ ಚಿತ್ರ ನೋಡಿ ತನ್ನ ಸೈಕಲ್ಲನ್ನೂ ಹಾಗೇ ಮಾಡಿಸಿಕೊಳ್ಳಲು ಹೊರಡುವ ಹುಡುಗನಿಗೆ ಟೊಮ್ಯಾಕ್‌ನ ಕೈ ಎಲ್ಲಿಂದ ಬರಬೇಕು?

ಬಾಯಿ ತೆರೆದ ಪೈಪು

ಹ್ಯಾಂಡಲಿನ ಅಪಾಯಗಳಲ್ಲಿ ಕಣ್ಣಿಗೆ ಬೀಳದೆ ಉಳಿಯುವುದು ಅದರ ತುದಿ. ಗ್ರಿಪ್ ಕೂರುವ ಜಾಗದಲ್ಲಿ ಪೈಪಿನ ಹೊರವ್ಯಾಸ 22.2 ಮಿ.ಮೀ.; ಲೋಹದ ದಪ್ಪ ಸುಮಾರು 2 ಮಿ.ಮೀ. ಗ್ರಿಪ್ಪಿನ ತುದಿ ಸವೆದು ಹರಿದರೆ, ಇಲ್ಲವೇ ಬಿರಡೆ ಬಿದ್ದುಹೋದರೆ ಉಳಿಯುವುದು ಹರಿತವಾದ ಒಂದು ಬಳೆ. ಸವಾರ ಬಿದ್ದಾಗ ಮುಂದಿನ ಚಕ್ರ ಅಡ್ಡ ತಿರುಗುತ್ತದೆ, ಪೈಪಿನ ಒಂದು ತುದಿ ನೆಲಕ್ಕೂರುತ್ತದೆ, ಇನ್ನೊಂದು ಹೊಟ್ಟೆ ಅಥವಾ ತೊಡೆಯನ್ನು ಎದುರುಗೊಳ್ಳುತ್ತದೆ. ಮೈಭಾರವೆಲ್ಲ ಆ ಬಳೆಯ ಮೇಲೆ. 30 ಮಿ.ಮೀ. ಅಗಲದ ಬಿರಡೆ ಅಲ್ಲಿದ್ದರೆ ಅದೇ ಭಾರ ಐದು ಪಟ್ಟಿಗೂ ಹೆಚ್ಚು ಜಾಗಕ್ಕೆ ಹರಡುತ್ತದೆ. ಹೋಟೆಲಿನಲ್ಲಿ ಗೆಳೆಯರಿಗೆ ಕಾಫಿ ಕೊಡಿಸುವಷ್ಟು ದುಡ್ಡಿಗೆ ಸಿಗುವ ಸಾಮಾನು ಅದು.

ಮಕ್ಕಳ ಶಸ್ತ್ರಚಿಕಿತ್ಸಕರಿಗೆ ಹ್ಯಾಂಡಲ್ ಗಾಯ ಹೊಸದಲ್ಲ. ಹೊರಗೆ ಹೊಟ್ಟೆಯ ಮೇಲೆ ಉಂಗುರದಂಥ ಒಂದು ಗುರುತು ಮಾತ್ರ. ಒಳಗೆ ಪಿತ್ತಜನಕಾಂಗ, ಗುಲ್ಮ, ಮೇದೋಜೀರಕ ಗ್ರಂಥಿ, ಕರುಳು ಯಾವುದಕ್ಕೂ ಪೆಟ್ಟಾಗಿರಬಹುದು. ಮಗು ಎದ್ದು ಓಡಾಡುತ್ತದೆ, ಊಟವನ್ನೂ ಮಾಡುತ್ತದೆ. ನೋವು, ವಾಂತಿ ಶುರುವಾಗುವುದು ಎಷ್ಟೋ ಗಂಟೆಗಳ ನಂತರ. ಹೊಟ್ಟೆಯ ಮೇಲೆ ಉಂಗುರದ ಗುರುತು ಕಂಡರೆ ಕಾಯದೆ ವೈದ್ಯರಿಗೆ ತೋರಿಸಬೇಕು. ಸಕಲೇಶಪುರದಲ್ಲಿ ಕ್ರಾಫರ್ಡ್ ಆಸ್ಪತ್ರೆಯಿದೆ. ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದರೆ ಸುಮಾರು 40 ಕಿ.ಮೀ. ದೂರದ ಹಾಸನಕ್ಕೇ ಹೋಗಬೇಕು. ಬಿಸಿಲೆಯ ತಿರುವಿನಲ್ಲಿ ಬಿದ್ದವನಿಗೆ ಮೊದಲು ಸಕಲೇಶಪುರ ಮುಟ್ಟುವುದೇ ಒಂದು ಪ್ರಯಾಣ.

ಈ ಮಾತು ದುಬಾರಿ ಸೈಕಲ್ಲಿನವರಿಗೆ ಮಾತ್ರ ಸಲ್ಲುವುದಿಲ್ಲ. 2006–07ರಿಂದ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ತಂದ ಮೇಲೆ ಮಲೆನಾಡಿನ ಏರಿಳಿತದ ದಾರಿಗಳಲ್ಲೂ ಶಾಲೆಯ ಸೈಕಲ್ಲುಗಳು ಓಡಾಡಿದವು. ಬೆಳಿಗ್ಗೆ ತಳ್ಳಿಕೊಂಡು ಹತ್ತಿದ ಏರನ್ನು ಸಂಜೆ ಪೆಡಲ್ ತುಳಿಯದೆ ಇಳಿಯುವ ಸುಖ ಮಲೆನಾಡಿನ ಯಾವ ಹುಡುಗ ಹುಡುಗಿಗೆ ಗೊತ್ತಿಲ್ಲ? ಹ್ಯಾಂಡಲನ್ನು ತಲೆಕೆಳಗು ಮಾಡಿ ರೇಸಿಂಗ್ ಸೈಕಲ್ಲಿನ ಹಾಗೆ ಬಾಗಿ ಕೂರುವುದು, ಹರಿದ ಗ್ರಿಪ್ಪನ್ನು ಕಿತ್ತೆಸೆದು ಬರಿ ಪೈಪು ಹಿಡಿಯುವುದು, ಗೆಳೆಯನನ್ನು ಹ್ಯಾಂಡಲಿನ ಮೇಲೇ ಕೂರಿಸಿಕೊಳ್ಳುವುದು ಆ ವಯಸ್ಸಿನ ಆಟಗಳು. ಡೌನ್‌ಹಿಲ್ ಎಂಬ ಹೆಸರು ಕೇಳದಿದ್ದರೂ ಮಕ್ಕಳು ಇಳಿಯುತ್ತಿರುವುದು ಅದೇ ಇಳುಕಲು, ಎದುರಿಸುತ್ತಿರುವುದು ಅದೇ ಪೈಪಿನ ಬಾಯಿ.

ಎರಡೂವರೆ ಅಡಿಯ ಕೋಡು

ಹಳೆಯ ಮೌಂಟೇನ್ ಬೈಕುಗಳ ಹ್ಯಾಂಡಲ್ 600 ಮಿ.ಮೀ. ಆಸುಪಾಸಿನಲ್ಲಿತ್ತು. ಇಂದು ಡೌನ್‌ಹಿಲ್ ಸೈಕಲ್ಲುಗಳಲ್ಲಿ 780ರಿಂದ 800 ಮಿ.ಮೀ. ಸಾಮಾನ್ಯ, ಅಂದರೆ ಎರಡೂವರೆ ಅಡಿಗೂ ತುಸು ಹೆಚ್ಚು. ಅಗಲ ಹೆಚ್ಚಿದಷ್ಟೂ ಕೈಗೆ ಸನ್ನೆಕೋಲಿನ ಬಲ. ಕಲ್ಲು ಬಡಿದು ಚಕ್ರ ಸರಕ್ಕನೆ ತಿರುಗಲು ಹೋದರೆ ತಡೆದು ನಿಲ್ಲಿಸುವುದು ಸುಲಭ. ಆದರೆ ಆ ಅಳತೆ ಹುಟ್ಟಿದ್ದು ಅಗಲವಾಗಿ ಕಡಿದ ಪಂದ್ಯದ ಹಾದಿಗಳಲ್ಲಿ. ಅರೇಬಿಕಾ ಗಿಡಗಳನ್ನು ಆರೇಳು ಅಡಿಗೊಂದರಂತೆ ನೆಟ್ಟ ತೋಟದಲ್ಲಿ ರೆಕ್ಕೆಗಳು ಹರಡಿದ ಮೇಲೆ ಕಾಲುದಾರಿಗೆ ಉಳಿಯುವುದು ಎಷ್ಟು? ಹ್ಯಾಂಡಲಿನ ಒಂದು ತುದಿ ಸಿಲ್ವರ್ ಓಕಿಗೋ ಉಣುಗೋಲಿನ ಕಂಬಕ್ಕೋ ತಾಗಿದರೆ ಸಾಕು, ಚಕ್ರ ಅಡ್ಡ ಬಿದ್ದು ಸವಾರ ಮುಂದಕ್ಕೆ ಹಾರುತ್ತಾನೆ.

ಹಾಗಾಗಿ ಹ್ಯಾಂಡಲ್ ಕತ್ತರಿಸುವುದು ತಪ್ಪಲ್ಲ. ತಯಾರಕರೇ ಹಲವು ಹ್ಯಾಂಡಲ್ಲುಗಳ ಮೇಲೆ ಕತ್ತರಿಸುವ ಗೆರೆ ಅಚ್ಚು ಹಾಕಿರುತ್ತಾರೆ. ಕೆಡುವುದು ಕತ್ತರಿಸುವ ರೀತಿಯಲ್ಲಿ. ಎರಡೂ ಕಡೆ ಸಮವಾಗಿ, ಒಂದೊಂದೇ ಸೆಂ.ಮೀ. ತೆಗೆದು, ಓಡಿಸಿ ನೋಡಿ, ಮತ್ತೆ ತೆಗೆಯುವುದು ಬಲ್ಲವರ ಕ್ರಮ. ಆಕ್ಸಾ ಬ್ಲೇಡಿನಲ್ಲಿ ಒಂದೇ ಸಲ ಕೊಯ್ದು, ಅಂಚಿನ ಮುಳ್ಳನ್ನು ಅರದಿಂದ ತಿಕ್ಕದೆ, ಬಿರಡೆಯನ್ನೂ ಹಾಕದೆ ಬಿಟ್ಟರೆ ಅಗಲದ ಅಪಾಯ ತಪ್ಪಿಸಲು ಹೋಗಿ ತುದಿಯ ಅಪಾಯವನ್ನು ಕೈಯಾರೆ ಮಾಡಿಕೊಂಡಂತೆ.

ಇನ್ನೊಂದು ನಮ್ಮೂರಿನ ಜಾಣತನ ತಗಡಿನದು. ಸ್ಟೆಮ್ ಕಚ್ಚುವ ಜಾಗದಲ್ಲಿ ಹ್ಯಾಂಡಲಿನ ವ್ಯಾಸ ಎಲ್ಲದರಲ್ಲೂ ಒಂದೇ ಇಲ್ಲ, 25.4, 31.8, 35 ಮಿ.ಮೀ. ಎಂದು ಮೂರು ಅಳತೆ ಬಳಕೆಯಲ್ಲಿದೆ. 35ರ ಸ್ಟೆಮ್ಮಿಗೆ 31.8ರ ಹ್ಯಾಂಡಲ್ ಸಡಿಲ. ತಂಪುಪಾನೀಯದ ಡಬ್ಬಿ ಕತ್ತರಿಸಿ ಸುತ್ತಿ ಬೋಲ್ಟು ಬಿಗಿದರೆ ಅಂಗಡಿಯ ಮುಂದೆ ಗಟ್ಟಿಯಾಗೇ ಕಾಣುತ್ತದೆ. ಎತ್ತರದಿಂದ ನೆಗೆದು ಚಕ್ರ ನೆಲ ಮುಟ್ಟಿದಾಗ ಹ್ಯಾಂಡಲ್ ಮುಂದಕ್ಕೆ ಮಗುಚುತ್ತದೆ. ಬ್ರೇಕ್ ಲಿವರು ಬೆರಳಿಗೆ ಸಿಗದ ಜಾಗಕ್ಕೆ ಹೋಗಿರುತ್ತದೆ.

ಐದು ಕಿಲೋ ಬಿಗಿ

"ಟೈಟ್ ಮಾಡಿದೀನಿ, ಹೋಗಿ ಸಾರ್" ಎಂಬುದು ಎಲ್ಲ ಅಂಗಡಿಗಳ ಭರವಸೆ. ಎಷ್ಟು ಟೈಟು? ಸ್ಟೆಮ್ಮಿನ ಮುಂಭಾಗದ ಬೋಲ್ಟುಗಳಿಗೆ ಸಾಮಾನ್ಯವಾಗಿ ಹೇಳುವ ಬಿಗಿ 5 ನ್ಯೂಟನ್ ಮೀಟರ್ ಆಸುಪಾಸು. 10 ಸೆಂ.ಮೀ. ಉದ್ದದ ಆಲನ್ ಕೀ ತುದಿಗೆ 5 ಕಿಲೋ ತೂಕ ನೇತುಹಾಕಿದಷ್ಟು, ಅಷ್ಟೇ. ಅದಕ್ಕಿಂತ ಕಡಿಮೆಯಾದರೆ ಹ್ಯಾಂಡಲ್ ಜಾರುತ್ತದೆ. ಸ್ಕೂಟರ್ ಚಕ್ರ ಬಿಗಿಯುವ ಜೋರಿನಲ್ಲಿ ತಿರುವಿದರೆ ಕಾರ್ಬನ್ ಹ್ಯಾಂಡಲ್ ಒಳಗೊಳಗೇ ಬಿರುಕು ಬಿಡುತ್ತದೆ. ನಾಲ್ಕೂ ಬೋಲ್ಟನ್ನು ಅಡ್ಡಡ್ಡ ಸರದಿಯಲ್ಲಿ, ಮೇಲಿನ ಕೆಳಗಿನ ಸಂದು ಸಮನಾಗುವಂತೆ ಬಿಗಿಯಬೇಕು. ಬ್ರೇಕ್ ಲಿವರಿಗಾದರೆ ಲೆಕ್ಕ ಬೇರೆ. ಓಡಿಸುವಾಗ ಜಾರದಷ್ಟು, ಬಿದ್ದಾಗ ಮುರಿಯದೆ ತಿರುಗಿಕೊಳ್ಳುವಷ್ಟು ಬಿಗಿ ಸಾಕು.

ಅಲ್ಯೂಮಿನಿಯಂ ಹ್ಯಾಂಡಲ್ ಬಿರುಕಿನ ಸುಳಿವು ಕೊಡದೆಯೂ ದಣಿಯುತ್ತದೆ. ಲಿವರಿನ ಪಟ್ಟಿ ಗೀಚಿದ ಸಣ್ಣ ಗೆರೆಯಿಂದ ಶುರುವಾದ ಸೀಳು ಸಾವಿರಾರು ಅದುರಾಟಕ್ಕೆ ಬೆಳೆದು ಒಂದು ದಿನ ಹ್ಯಾಂಡಲ್ಲೇ ಕಳಚಿಕೊಳ್ಳುತ್ತದೆ. ಜೋರಾಗಿ ಬಿದ್ದ ಹ್ಯಾಂಡಲನ್ನು ಕಣ್ಣಿಗೆ ಏನೂ ಕಾಣದಿದ್ದರೂ ಬದಲಿಸಿ ಎಂದು ತಯಾರಕರು ಕೈಪಿಡಿಯಲ್ಲಿ ಬರೆಯುವುದು ವ್ಯಾಪಾರಕ್ಕಾಗಿ ಮಾತ್ರವಲ್ಲ. ಹೀಗೆ ಬದಲಿಸಿ ಎಸೆದ ಹ್ಯಾಂಡಲ್ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಮತ್ತೊಬ್ಬನ ಕೈಗೆ ಬಂದರೆ ಅದರ ಹಿಂದಿನ ಜನ್ಮದ ಕಥೆ ಹೇಳುವವರಿಲ್ಲ.

ಬಾಡಿಗೆ ಸೈಕಲ್ಲಿನಲ್ಲಿ ಇನ್ನೊಂದು ಬಲೆಯಿದೆ. ನಮ್ಮ ಮೋಟಾರ್ ಬೈಕಿನಲ್ಲಿ ಬಲಗೈಯದು ಮುಂದಿನ ಬ್ರೇಕು. ಬ್ರಿಟನ್ನಿನ ಸೈಕಲ್ಲುಗಳ ಪದ್ಧತಿಯೂ ಅದೇ. ಅಮೆರಿಕದಲ್ಲಿ, ಯುರೋಪಿನ ಬಹುಭಾಗದಲ್ಲಿ ಮುಂದಿನ ಬ್ರೇಕು ಎಡಗೈಗೆ. ಹೊರದೇಶದ ಜೋಡಣೆಯಲ್ಲೇ ಬಂದ ಸೈಕಲ್ ಹತ್ತಿದವನು ಹಿಂದಿನದೆಂದು ನಂಬಿ ಎಡಗೈ ಜೋರಾಗಿ ಒತ್ತಿದರೆ ಮುಂದಿನ ಚಕ್ರ ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ.

ಟೋಕಿಯೊದಲ್ಲಿ ಮುರಿದದ್ದು

ಹ್ಯಾಂಡಲ್ ಮುರಿಯುವುದು ಬಡ ಸೈಕಲ್ಲಿನ ಪಾಡು ಎಂದುಕೊಳ್ಳುವಂತಿಲ್ಲ. 2021ರ ಆಗಸ್ಟ್ 2ರಂದು ಟೋಕಿಯೊ ಒಲಿಂಪಿಕ್ಸ್‌ನ ಟ್ರ್ಯಾಕಿನಲ್ಲಿ ಆಸ್ಟ್ರೇಲಿಯಾದ ಅಲೆಕ್ಸ್ ಪೋರ್ಟರ್ ಅವರ ಹ್ಯಾಂಡಲ್ ಓಟದ ನಡುವೆ ಕಳಚಿ ಕೈಗೆ ಬಂತು. ಅವರು ಮುಖ ಅಡಿಯಾಗಿ ಹಲಗೆಯ ಮೇಲೆ ಜಾರಿದರು. ಆ ದೇಶದ ಸೈಕ್ಲಿಂಗ್ ಸಂಸ್ಥೆ ತನಿಖೆ ಮಾಡಿಸಿ, 2022ರ ಮಾರ್ಚಿನಲ್ಲಿ ವರದಿಯನ್ನು ಬಹಿರಂಗಪಡಿಸಿತು. ಲೋಹ ದಣಿದು ಮುರಿದಿತ್ತು. ಪರೀಕ್ಷೆಗೆ ಬಳಸಿದ ಮಾನದಂಡದ ಭಾರ ಆ ಓಟದ ನಿಜವಾದ ಭಾರಕ್ಕೆ ಸಾಲದಾಗಿತ್ತು. ಎಷ್ಟು ಭಾರ ತಡೆಯಬೇಕೆಂದು ಸರಿಯಾಗಿ ಬರೆದುಕೊಡದ ಸಂಸ್ಥೆಯ ಲೋಪವನ್ನೂ ವರದಿ ಮುಚ್ಚಿಡಲಿಲ್ಲ.

2021ರ ಮಾರ್ಚ್ 2ರಂದು ಬೆಲ್ಜಿಯಂನ ಲೆ ಸಾಮಿನ್ ರಸ್ತೆ ಪಂದ್ಯದಲ್ಲಿ ಮ್ಯಾಥ್ಯೂ ವ್ಯಾನ್ ಡರ್ ಪೂಲ್ ಅವರ ಕಾರ್ಬನ್ ಹ್ಯಾಂಡಲಿನ ಒಂದು ಭಾಗ ಮುರಿದು ಜೋತುಬಿತ್ತು. ಅವರು ಬೀಳದೆ ಪಾರಾದರು. ಸೈಕಲ್ ಮಾಡಿದ ಕ್ಯಾನ್ಯನ್ ಕಂಪನಿ ಆ ಮಾದರಿ ಕೊಂಡಿದ್ದ ಗ್ರಾಹಕರಿಗೆಲ್ಲ ಸದ್ಯ ಸೈಕಲ್ ಹತ್ತಬೇಡಿ ಎಂದು ಹೇಳಿತು. ಮಾರಿದ ಸಾಮಾನನ್ನು ಬಳಸಬೇಡಿ ಎಂದು ಮಾರಿದವರೇ ಹೇಳುವುದು ಮುಜುಗರದ ಕೆಲಸ. ಆದರೂ ಹೊಣೆ ಹೊರುವುದೆಂದರೆ ಇದೇ.

ಸಹಿ ಹಾಕಿಸಿಕೊಂಡರೆ ಮುಗಿಯಿತೇ?

ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮ ಸವಾರನಿಂದಲೇ ಶುರುವಾಗುತ್ತದೆ: ಅವನ ಸೈಕಲ್ಲು, ಸಲಕರಣೆ ಅವನಿಗಾಗಲಿ ಬೇರೆಯವರಿಗಾಗಲಿ ಅಪಾಯ ತರದಂತೆ ನೋಡಿಕೊಳ್ಳುವುದು ಅವನ ಕೆಲಸ. ಡೌನ್‌ಹಿಲ್‌ನಲ್ಲಿ ಪಂದ್ಯಕ್ಕಷ್ಟೇ ಅಲ್ಲ, ಅಭ್ಯಾಸಕ್ಕೂ ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಕಡ್ಡಾಯ; ಹಾದಿಯನ್ನು ಮೊದಲು ನಡೆದು ನೋಡುವ, ಆಮೇಲೆ ಅಭ್ಯಾಸ ಓಟ ಮಾಡುವ ವ್ಯವಸ್ಥೆಯಿದೆ. ಇದು ದೂರದ ಮಾತಲ್ಲ. 2023ರ ಅಕ್ಟೋಬರಿನಲ್ಲಿ ಏಷ್ಯನ್ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ನಡೆದದ್ದು ಇದೇ ಪಶ್ಚಿಮಘಟ್ಟದ ಕೇರಳ ಭಾಗದ ಪೊನ್ಮುಡಿಯಲ್ಲಿ.

ಪಂದ್ಯದಲ್ಲಿ ಕೇಳುವವರು ಇರುತ್ತಾರೆ. ಹೋಂಸ್ಟೇ ಅಂಗಳದಲ್ಲಿ ಅತಿಥಿಯ ಕೈಗೆ ಸೈಕಲ್ ಕೊಟ್ಟು, "ನನ್ನ ಜವಾಬ್ದಾರಿಯಲ್ಲೇ ಹೋಗುತ್ತಿದ್ದೇನೆ" ಎಂಬ ಚೀಟಿಗೆ ಸಹಿ ಹಾಕಿಸಿಕೊಂಡಾಗ ಏನು? ಆ ಚೀಟಿಯೊಂದೇ ಎಲ್ಲ ಹೊಣೆಯನ್ನೂ ತೊಳೆಯುತ್ತದೆ ಎಂದು ನಂಬುವಂತಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 'ಉತ್ಪನ್ನ ಹೊಣೆಗಾರಿಕೆ' ಎಂಬ ಅಧ್ಯಾಯವನ್ನೇ ಇಟ್ಟಿದೆ. ತಯಾರಕರ ಜೊತೆಗೆ ಮಾರಾಟಗಾರರನ್ನೂ ಸೇವೆ ಕೊಡುವವರನ್ನೂ ಅದು ಒಳಗೆ ತರುತ್ತದೆ. ಅದರ 86ನೇ ಸೆಕ್ಷನ್ ಪ್ರಕಾರ, ಮಾರುವವರು ಸಾಮಾನನ್ನು ಬದಲಾಯಿಸಿದ್ದರಿಂದ ಹಾನಿಯಾದರೆ, ಅಥವಾ ಜೋಡಿಸುವಲ್ಲಿ, ಪರಿಶೀಲಿಸುವಲ್ಲಿ, ಸುಸ್ಥಿತಿಯಲ್ಲಿಡುವಲ್ಲಿ ತಕ್ಕ ಎಚ್ಚರ ವಹಿಸದಿದ್ದರೆ ಅವರೂ ಹೊಣೆ. ಆದರೆ ಕೊಂಡವನೇ ಸಾಮಾನನ್ನು ತಿದ್ದಿ ಬದಲಿಸಿಕೊಂಡು ಪೆಟ್ಟು ತಿಂದರೆ ಮಾರಿದವರ ಮೇಲೆ ದಾವೆ ನಿಲ್ಲದು ಎನ್ನುತ್ತದೆ 87ನೇ ಸೆಕ್ಷನ್. ಮನೆಯಲ್ಲಿ ಆಕ್ಸಾ ಬ್ಲೇಡು ಹಿಡಿಯುವವರು ನೆನಪಿಡಬೇಕಾದದ್ದು ಇದು. ಇನ್ನು ನಿರ್ಲಕ್ಷ್ಯದಿಂದ ಜೀವಹಾನಿಯಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ನಿನಲ್ಲಿ ಐದು ವರ್ಷದವರೆಗೆ ಸೆರೆವಾಸಕ್ಕೆ ಅವಕಾಶವಿದೆ.

ಹೊಣೆ ಸವಾರನ ಮೈಗೆ ಮುಗಿಯುವುದಿಲ್ಲ ಎಂಬುದಕ್ಕೆ ಸಕಲೇಶಪುರದಲ್ಲಿ ಬೇರೆ ಕಾರಣಗಳಿವೆ. ಈ ಗುಡ್ಡಗಳು ಖಾಲಿಯಿಲ್ಲ. ಹಣ್ಣು ಕೊಯ್ಲಿನ ತಿಂಗಳುಗಳಲ್ಲಿ ತೋಟದ ದಾರಿಯ ತುಂಬ ಕೆಲಸದವರು, ತಲೆಯ ಮೇಲೆ ಚೀಲ, ಸೊಂಟದಲ್ಲಿ ಬುಟ್ಟಿ. ಸದ್ದಿಲ್ಲದೆ ಬರುವ ಸೈಕಲ್ಲಿನ ಎರಡೂವರೆ ಅಡಿ ಹ್ಯಾಂಡಲಿಗೆ ಸರಿದು ದಾರಿ ಬಿಡಲು ಅವರಿಗೆ ಹೊತ್ತೂ ಇಲ್ಲ, ಜಾಗವೂ ಇಲ್ಲ. ಆನೆಗಳದು ಇನ್ನೊಂದು ಕಥೆ. ಮೈಸೂರು ದಸರೆಯಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್ 4ರಂದು ಕಾಡಾನೆ ಸೆರೆಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತದ್ದು ಇದೇ ತಾಲ್ಲೂಕಿನ ಯಸಳೂರು ವಲಯದಲ್ಲಿ. ಆಲೂರು, ಸಕಲೇಶಪುರದ ತೋಟದವರು ಬೆಳಿಗ್ಗೆ ಆನೆ ಎಲ್ಲಿದೆ ಎಂದು ತಿಳಿದುಕೊಂಡೇ ಹೊರಗೆ ಕಾಲಿಡುತ್ತಾರೆ. ತಿರುವಿನಾಚೆ ಏನಿದೆ ಎಂದು ಕಾಣದೆ ಇಳಿಯುವವನಿಗೆ ಬ್ರೇಕು ಕೈಗೆಟುಕುವ ಜಾಗದಲ್ಲಿರಲೇಬೇಕು.

ಹಾಗಾದರೆ ಮೊದಲ ಹೊಣೆ ಯಾರದು? ತಯಾರಕ ದೂರ, ಕಾನೂನು ನಿಧಾನ, ಸವಾರನಿಗೆ ಅವಸರ. ಸೈಕಲ್ಲನ್ನು ಇನ್ನೊಬ್ಬರ ಕೈಗೆ ಕೊಡುವವರು ಮಾತ್ರ ಆ ಹೊತ್ತಿಗೆ ಅಲ್ಲೇ ಇರುತ್ತಾರೆ; ಅದು ಅಂಗಡಿಯ ಮೆಕ್ಯಾನಿಕ್ ಇರಬಹುದು, ಹೋಂಸ್ಟೇ ಮಾಲೀಕರಿರಬಹುದು, ಮಗಳಿಗೆ ಸೈಕಲ್ ಕೊಡಿಸಿದ ಅಪ್ಪನಿರಬಹುದು. ಮೊದಲ ಹೊಣೆ ಅವರದೇ. ನೋಡಲು ಹೆಚ್ಚೆಂದರೆ ಎರಡು ನಿಮಿಷ. ಮುಂದಿನ ಚಕ್ರವನ್ನು ಮಂಡಿಗಳ ನಡುವೆ ಅದುಮಿ ಹಿಡಿದು ಹ್ಯಾಂಡಲನ್ನು ಅಡ್ಡ ತಿರುಗಿಸಲು ನೋಡುವುದು. ಮೈಭಾರ ಬಿಟ್ಟು ಕೆಳಕ್ಕೆ ಒತ್ತುವುದು. ಗ್ರಿಪ್ ಹಿಂಡಿ ತಿರುಚುವುದು. ಎಡಗೈ ಯಾವ ಬ್ರೇಕು, ಬಲಗೈ ಯಾವ ಬ್ರೇಕು ಎಂದು ಹತ್ತುವವರಿಂದಲೇ ಹೇಳಿಸುವುದು. ಸ್ಟೆಮ್ಮಿನ ಸುತ್ತ, ಲಿವರಿನ ಪಟ್ಟಿಯ ಸುತ್ತ ಬೆರಳಾಡಿಸಿ ಗೀರು, ಸೀಳು ಹುಡುಕುವುದು.

ಮಳೆಗಾಲ ಕಳೆದು ದಾರಿ ಒಣಗಿದ ಮೇಲೆ ನೀವೂ ಮಲೆನಾಡಿಗೆ ಹೋಗಬಹುದು, ಯಾರೋ ಒಂದು ಸೈಕಲ್ ತಂದು ನಿಮ್ಮೆದುರು ನಿಲ್ಲಿಸಬಹುದು. ಅದರ ಗೇರು ಎಷ್ಟು, ಬೆಲೆ ಎಷ್ಟು ಎಂದು ಕೇಳುವ ಮೊದಲು ಎರಡೂ ಗ್ರಿಪ್ಪಿನ ತುದಿಗೆ ಹೆಬ್ಬೆರಳು ಒತ್ತಿ ನೋಡಿ. ಬೆರಳಿಗೆ ಪೈಪಿನ ಅಂಚು ಸಿಕ್ಕರೆ ಹತ್ತಬೇಡಿ. ಬೇರೆ ಸೈಕಲ್ ಕೇಳಿ.